ಅವಸರದ ಬಾಗಿಲು

ಒಂದು ಕಡೆ ಕೂರುವ ಜಾಯಮಾನ ಅವಳದಲ್ಲ. ಚಿಕ್ಕಂದಿನಲ್ಲಿ ಊಟದ ತಟ್ಟೆ ಹಿಡಿದು ಮನೆಯೆಲ್ಲ ಸುತ್ತುತ್ತಿದ್ದವಳಿಗೆ ಅಣ್ಣ ‘ಪಾದರಸ’ ಎಂದು ಹೆಸರಿಟ್ಟ. ನಲವತ್ತು ದಾಟಿ ತಲೆಯಲ್ಲಿ ಬಿಳಿಕೂದಲು ಇಣುಕಿದ ಮೇಲೂ ಆ ಹೆಸರೇ ಉಳಿಯಿತು. ಕೆಲಸದ ಜಾಗದಲ್ಲಿ ಮಾತ್ರ ಅವಳು ‘ಗದ್ದಲದ ಮೇಡಂ’. ಅಲ್ಲಿ ಗದ್ದಲವೆಂದರೆ ಕಿವಿಗೆ ಕೇಳುವಂಥದ್ದಲ್ಲ, ವಾಹನದ ವೈರುಗಳಲ್ಲಿ ಕರೆಂಟಿನ ಜೊತೆಗೆ ಕರೆಯದೇ ಬಂದು ಸೇರುವ ಏರುಪೇರು. ಹಾರ್ನ್ ಒತ್ತಿದರೆ ಒಂದು ಬಗೆ, ವೈಪರ್ ನಿಲ್ಲಿಸಿದರೆ ಇನ್ನೊಂದು ಬಗೆ, ಎಂಜಿನ್ ಶುರುವಾಗುವಾಗ ಬ್ಯಾಟರಿ ಏದುಸಿರು ಬಿಡುವುದು ಮತ್ತೊಂದು ಬಗೆ. ಮನೆಯ ಗೋಡೆಯ ಪ್ಲಗ್ಗಿನಲ್ಲಿ ಸಾಧುವಾಗಿ ಕೆಲಸ ಮಾಡುವ ಯಂತ್ರವನ್ನು ತಂದು ಬಸ್ಸಿಗೆ ಹಾಕಿ ನೋಡಿ, ಸಂಜೆಯೊಳಗೆ ತಲೆಕೆಟ್ಟು ಕೂರುತ್ತದೆ. ಹಾಗೆ ತಲೆಕೆಡದಂಥ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ರೂಪಿಸುವುದು ಅವಳ ಕಸುಬು.

ಈ ಕಸುಬಿನ ಹುಚ್ಚು ಹತ್ತಿಸಿದವನೂ ಅಣ್ಣನೇ. ಅವನು ಆಗ ಸಾಮಾನು ಸಾಗಿಸುವ ಹಳೆಯ ವ್ಯಾನ್ ಓಡಿಸುತ್ತಿದ್ದ. ರಜೆಯಲ್ಲಿ ಇವಳು ಪಕ್ಕದಲ್ಲಿ ಕೂತು ಹೋಗುವಾಗ ರೇಡಿಯೊ ಹಾಡಿನ ಹಿಂದೆ ಸದಾ ಒಂದು ಗೊರಗೊರ. ಅಣ್ಣ ಜೋರಾಗಿ ಓಡಿಸಿದರೆ ಅದರ ಕಿರುಚಾಟ ಜೋರು, ನಿಧಾನ ಮಾಡಿದರೆ ಅದೂ ತಣ್ಣಗೆ. ಹಾಡುವವಳು ಎಲ್ಲೋ ಕೂತು ಹಾಡುತ್ತಿದ್ದಾಳೆ, ಅವಳ ಗಂಟಲಿಗೂ ನಮ್ಮ ಎಂಜಿನ್ನಿಗೂ ಏನು ಸಂಬಂಧ ಎಂದು ಇವಳು ತಲೆ ತಿಂದಳು. ಕೊನೆಗೆ ಅಣ್ಣ ಚಹಾ ಕುಡಿಯಲು ಇಳಿದಾಗ ರೇಡಿಯೊ ಬಿಚ್ಚಿ, ಮತ್ತೆಂದೂ ಹಾಡದ ಹಾಗೆ ಜೋಡಿಸಿಟ್ಟಳು. ಅವನು ಬೈಯಲಿಲ್ಲ. ಆಮೇಲೆ ಎಷ್ಟೋ ವರ್ಷ ಹಾಡಿಲ್ಲದೆ ವ್ಯಾನ್ ಓಡಿಸಿದ.

ಅಪ್ಪ ಅಮ್ಮ ಹೋದ ಮೇಲೆ ಅಣ್ಣನೇ ಓದಿಸಿದ. ಅವನು ಸಿಟಿ ಬಸ್ಸಿನ ಡ್ರೈವರ್ ಆದ, ಇವಳು ವಾಹನಗಳ ಪೆಟ್ಟಿಗೆ ತಯಾರಿಸುವ ಸಣ್ಣ ಕಂಪನಿ ಸೇರಿದಳು. ಮದುವೆಯ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದವಳನ್ನು ಹಿಡಿದು ಕೂರಿಸುವುದು ಯಾರಿಂದಲೂ ಆಗಲಿಲ್ಲ. ಅಣ್ಣನ ಮನೆಯ ಮಾಳಿಗೆಯ ಕೋಣೆಯೇ ಅವಳ ಮನೆ. ಕೆಳಗೆ ಅತ್ತಿಗೆಗೆ ತಲೆಯ ಮೇಲೆ ಸದಾ ಹೆಜ್ಜೆಯ ಸದ್ದು. ಸದ್ದು ನಿಂತರೆ ಅತ್ತಿಗೆ ಹತ್ತಿ ಬಂದು, ‘ಜ್ವರ ಏನಾದ್ರೂ ಬಂತೇನೇ’ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು.

ಅವಳು ತಯಾರಿಸಿದ್ದರಲ್ಲಿ ದೊಡ್ಡದೆಂದರೆ ಬಸ್ಸಿನ ಬಾಗಿಲ ಪೆಟ್ಟಿಗೆ. ಡ್ರೈವರ್ ಸ್ವಿಚ್ ಒತ್ತಿದರೆ ಮೋಟಾರು ಬಾಗಿಲನ್ನು ತೆರೆಯಬೇಕು, ಬಸ್ಸು ಜೋರಾಗಿ ಓಡುತ್ತಿದ್ದರೆ ಒತ್ತಿದರೂ ತೆರೆಯಬಾರದು, ನಿಲ್ದಾಣದ ಬಳಿ ನಿಧಾನವಾದ ಮೇಲಷ್ಟೇ ಒತ್ತಿದರೆ ತೆರೆಯಬೇಕು, ಅಪಘಾತದಲ್ಲಿ ಕರೆಂಟು ಹೋಗಿ ಮತ್ತೆ ಬಂದರೆ ಮೊದಲು ಬಾಗಿಲು ತೆರೆದು ಒಳಗಿನವರಿಗೆ ದಾರಿ ಬಿಡಬೇಕು. ಊರಿನ ಬಸ್ಸುಗಳಿಗೆಲ್ಲ ಅದೇ ಪೆಟ್ಟಿಗೆ ಬಂತು, ಅಣ್ಣನ ಬಸ್ಸಿಗೂ ಬಂತು. ‘ಬಸ್ ನಂದು, ಬಾಗಿಲು ನನ್ನ ತಂಗಿದು’ ಎಂದು ಅಣ್ಣ ಡಿಪೋದಲ್ಲಿ ಬೀಗುತ್ತಿದ್ದ. ಅವಳಿಗೂ ಒಳಗೊಳಗೇ ಹಿಗ್ಗು. ಆ ಹಿಗ್ಗೇ ಮುಂದೆ ಅವಳ ಕಣ್ಣಿಗೆ ಪೊರೆ ಕಟ್ಟಿತು ಎನ್ನಬೇಕು.

ಒಂದು ಬೆಳಗ್ಗೆ ನಿಲ್ದಾಣಕ್ಕೆ ಬರುತ್ತ ನಿಧಾನವಾದ ಅಣ್ಣನ ಬಸ್ಸು ಇನ್ನೂ ಓಡುತ್ತಿರುವಾಗಲೇ ಬಾಗಿಲು ತೆರೆದುಕೊಂಡಿತು. ಅಲ್ಲಿ ಇಳಿಯಲೆಂದು ಅದಕ್ಕೆ ಒರಗಿ ನಿಂತಿದ್ದ ಮುದುಕಿಯೊಬ್ಬಳು ರಸ್ತೆಗೆ ಬಿದ್ದು ಸೊಂಟ ಮುರಿದುಕೊಂಡಳು. ಹೊಲಿಗೆ ಯಂತ್ರ ತುಳಿದು ಒಂಟಿಯಾಗಿ ಬದುಕುತ್ತಿದ್ದವಳು. ಅಣ್ಣ ಬಾಗಿಲ ಸ್ವಿಚ್ ಒತ್ತಿದ್ದಾನೆ ಎಂದು ಬಸ್ಸಿನಲ್ಲಿದ್ದವರು ಹೇಳಿದರು. ಯಾರೂ ಕಂಡಿರಲಿಲ್ಲ, ಆದರೆ ಬಾಗಿಲು ತಾನಾಗಿ ತೆರೆಯುತ್ತದೆಂದು ಯಾರು ತಾನೇ ಅಂದುಕೊಳ್ಳುತ್ತಾರೆ? ಅವನನ್ನು ಕೆಲಸದಿಂದ ಅಮಾನತು ಮಾಡಿದರು. ಶನಿವಾರ ವಿಚಾರಣೆ. ತಪ್ಪು ಅವನದೆಂದಾದರೆ ಕೆಲಸವೂ ಹೋಯಿತು, ಲೈಸೆನ್ಸೂ ಹೋಯಿತು. ಸ್ಟೀರಿಂಗ್ ಬಿಟ್ಟರೆ ಬೇರೆ ಏನನ್ನೂ ಹಿಡಿದು ಗೊತ್ತಿಲ್ಲದ ಮನುಷ್ಯ.

ಬಸ್ಸಿನಿಂದ ಕಳಚಿದ ಪೆಟ್ಟಿಗೆ ಪರೀಕ್ಷೆಗೆ ಅವಳ ಕಂಪನಿಗೇ ಬಂತು. ಯಜಮಾನರು ಅವಳ ಮೇಜಿನ ಮೇಲಿಟ್ಟು, “ನಿಮ್ಮಣ್ಣ ಅಂತ ಗೊತ್ತು. ಆದ್ರೂ ಇದರ ಹೊಟ್ಟೆಯಲ್ಲಿರೋದೆಲ್ಲ ಗೊತ್ತಿರೋದು ನಿಮಗೊಬ್ಬರಿಗೇ. ಇದ್ದದ್ದು ಇದ್ದ ಹಾಗೆ ನೋಡಿ” ಎಂದರು. ಅವಳು ನೋಡಿದಳು. ಬೇಕೆಂದೇ ಗದ್ದಲ ಹುಟ್ಟಿಸುವ ಯಂತ್ರವೊಂದು ಅವರಲ್ಲಿತ್ತು. ಅದರಿಂದ ಪೆಟ್ಟಿಗೆಗೆ ಬಗೆಬಗೆಯ ಏಟು ಕೊಟ್ಟಳು. ಕೆಲವು ಏಟಿಗೆ ಪೆಟ್ಟಿಗೆ ಒಂದು ಕ್ಷಣ ಕಣ್ಣುಮುಚ್ಚಿ, ತಾನಾಗಿಯೇ ಎಚ್ಚೆತ್ತು ಮತ್ತೆ ಕೆಲಸಕ್ಕೆ ನಿಂತಿತು. ತಾನಾಗಿ ಎಚ್ಚೆತ್ತರೆ ಪಾಸು. ಇದು ಅವಳು ಮಾಡಿದ ನಿಯಮವಲ್ಲ, ಆ ಕಸುಬಿನವರೆಲ್ಲ ಒಪ್ಪಿದ್ದು. ಪೆಟ್ಟಿಗೆ ಪಾಸಾಯಿತು.

ಸಂಜೆ ಮನೆಗೆ ಬಂದು ಅಣ್ಣನ ಮುಂದೆ ನಿಂತಳು.

“ಪೆಟ್ಟಿಗೆ ಸರಿಯಾಗಿದೆ ಅಣ್ಣ. ಇನ್ನೊಂದ್ಸಲ ನೆನಪು ಮಾಡ್ಕೋ. ಗೊತ್ತಾಗದೆ ಕೈಗಿಯ್ಯಿ ತಾಕಿರಬಹುದಾ?”

ಅಣ್ಣ ಅವಳನ್ನೇ ನೋಡಿದ. “ಇಲ್ಲ ಅಂತಾನೇ ಅಂದ್ಕೊಂಡಿದ್ದೆ” ಎಂದ. ಅಷ್ಟೇ.

ಆವತ್ತಿನಿಂದ ಆ ಮನೆಯಲ್ಲಿ ಸರಿಯಾಗಿ ಉಸಿರಾಡಿದವರಿಲ್ಲ. ಅಣ್ಣ ಚಾಪೆಯ ಮೇಲೆ ಕೂತು ಬಲಗೈಯನ್ನು ಎದುರು ಹಿಡಿದು, ಗೇರ್ ಹಾಕಿದಂತೆ, ಹಾರ್ನ್ ಒತ್ತಿದಂತೆ, ಗಾಳಿಯಲ್ಲಿ ಆಡಿಸಿ ನೋಡುತ್ತಿದ್ದ. ಸ್ವಿಚ್ ಇರುವ ಜಾಗಕ್ಕೆ ಬೆರಳು ಹೋಗುತ್ತದೋ ಎಂದು ನೋಡುವುದು, ಕೈ ಇಳಿಸುವುದು, ಮತ್ತೆ ಎತ್ತುವುದು. ಅತ್ತಿಗೆ ನೀರಿನ ಲೋಟ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಪಾದರಸ ಮಾಳಿಗೆಯಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದಳು. ಕಂಪನಿಗೆ ಹೋದರೆ ಮನೆ ನೆನಪು, ಮನೆಗೆ ಬಂದರೆ ಪೆಟ್ಟಿಗೆಯ ನೆನಪು. ಅಣ್ಣ ಸುಳ್ಳು ಹೇಳುವವನಲ್ಲ, ಪೆಟ್ಟಿಗೆಯೂ ಸುಳ್ಳು ಹೇಳುವುದಿಲ್ಲ. ಇಬ್ಬರಲ್ಲಿ ಒಬ್ಬರನ್ನು ಬಿಡಬೇಕು ಎಂದಾಗ ಅವಳು ಅಣ್ಣನನ್ನು ಬಿಟ್ಟಿದ್ದಳು. ಹಾಗೆ ಯಾರೂ ಅವಳಿಗೆ ಹೇಳಲಿಲ್ಲ, ಆದರೂ ಅವಳಿಗೆ ಅದು ಗೊತ್ತಿತ್ತು.

ಬುಧವಾರ ಬೆಳಗ್ಗೆ ಚಹಾಕ್ಕೆಂದು ಅಡುಗೆಮನೆಗೆ ಬಂದವಳು ಕಪಾಟಿನ ಮೇಲೆ ಒಂದು ಪುಟ್ಟ ಫ್ಯಾನು ಕಂಡಳು. ಬಸ್ಸು, ಲಾರಿಗಳಲ್ಲಿ ಡ್ರೈವರಿನ ಮುಖಕ್ಕೆ ಗಾಳಿ ಬೀಸುತ್ತದಲ್ಲ, ಅಂಥದ್ದು. ವೈರಿನ ತುದಿಗೆ ಇನ್ನೂ ಅಂಟುಪಟ್ಟಿ ಇತ್ತು.

“ಇದೆಲ್ಲಿಂದ ಬಂತು ಅತ್ತಿಗೆ?”

ಅತ್ತಿಗೆ ಒಲೆಯ ಕಡೆ ತಿರುಗಿಕೊಂಡಳು. “ನಿಮ್ಮಣ್ಣನ್ನೇ ಕೇಳು. ನಾನು ಹೇಳಿದೆ ಅನ್ಬೇಡ.”

ಅಣ್ಣ ಮೊದಲು ಜಗ್ಗಲಿಲ್ಲ. ಆಮೇಲೆ ನೆಲ ನೋಡಿಕೊಂಡು ಹೇಳಿದ. ಬೇಸಿಗೆಯಲ್ಲಿ ಎಂಜಿನ್ ಪಕ್ಕ ಕೂತು ಬೆಂದುಹೋಗುತ್ತಿದ್ದನಂತೆ, ಅದಕ್ಕೆ ಫ್ಯಾನು ಹಾಕಿಕೊಂಡನಂತೆ. ಬಸ್ಸಿಗೆ ಹೀಗೆ ಸ್ವಂತ ಸಾಮಾನು ಹಾಕುವಂತಿಲ್ಲ. ಮುದುಕಿ ಬಿದ್ದ ದಿನ, ಆಸ್ಪತ್ರೆಯಿಂದ ಡಿಪೋಗೆ ಬಂದವನೇ, ಇದೊಂದು ಬೇರೆ ತಲೆಗೆ ಕಟ್ಟುತ್ತಾರೆ ಎಂದು ಬಿಚ್ಚಿ ಚೀಲಕ್ಕೆ ಹಾಕಿಕೊಂಡಿದ್ದ.

“ವೈರ್ ಎಲ್ಲಿಂದ ಎಳೆದಿದ್ದೆ?”

“ನಿನ್ನ ಪೆಟ್ಟಿಗೆಯಿಂದಾನೇ. ಸೀಟಿನ ಕೆಳಗೇ ಇತ್ತಲ್ಲ, ಕೈಗೆ ಹತ್ತಿರ. ಎಲ್ಲರೂ ಅಲ್ಲಿಂದಾನೇ ಎಳೆಯೋದು.”

“ಎಲ್ಲರೂ ಅಂದ್ರೆ?”

“ನನ್ನ ನೋಡಿ ಡಿಪೋದವರೆಲ್ಲ ಹಾಕ್ಕೊಂಡ್ರು.”

“ಅವತ್ತು ಬಾಗಿಲು ತೆಗೆಯೋ ಮೊದಲು ಫ್ಯಾನ್ ಓಡ್ತಿತ್ತಾ?”

“ಆಗ ತಾನೇ ಆರಿಸಿದ್ದೆ. ಸ್ಟಾಪ್ ಹತ್ತಿರ ಬಂದಾಗ ಆರಿಸಲೇಬೇಕು. ಅದರ ಗುಯ್ಯ್ ಸದ್ದಿಗೆ ಕಂಡಕ್ಟರ್ ವಿಶಲ್ ಕೇಳಿಸಲ್ಲ.” ಅವನು ಫ್ಯಾನಿನ ಕಡೆ ನೋಡಿ, “ಆರಿಸಿದ ತಕ್ಷಣ ಒಂದೊಂದ್ಸಲ ನಾನು ಒತ್ತೋ ಮುಂಚೆನೇ ಬಾಗಿಲು ತೆಗೆಯುತ್ತಿತ್ತು. ಬಸ್ ನಿಂತೇ ಬಿಟ್ಟಿರ್ತಿತ್ತು ಅನ್ನು. ನಿನ್ನ ಬಾಗಿಲಿಗೂ ನಿನ್ನ ಹಾಗೇ ಅವಸರ ಅಂತ ನಗ್ತಿದ್ವಿ” ಎಂದ.

ಚಹಾ ಅಲ್ಲೇ ಆರಿತು. ಅವಳು ಫ್ಯಾನನ್ನು ಕಂಕುಳಲ್ಲಿ ಅವುಚಿಕೊಂಡು, ಬಾಚದ ತಲೆಯಲ್ಲೇ ಕಂಪನಿಗೆ ಓಡಿದಳು.

ಮೋಟಾರಿನ ಸ್ವಭಾವವೇ ಹಾಗೆ. ಓಡುವಾಗ ತೆಪ್ಪಗಿರುತ್ತದೆ, ಆರಿಸುವಾಗ ಹಟ ಮಾಡುತ್ತದೆ. ಹರಿಯುತ್ತಿದ್ದ ಕರೆಂಟು ನಿಲ್ಲಲೊಲ್ಲದೆ ಸ್ವಿಚ್ಚಿನೊಳಗೆ ಕಿಡಿಯಾಗಿ ಹಾರುತ್ತದೆ, ಆ ಕಿಡಿಯ ಗದ್ದಲ ವೈರು ಹಿಡಿದು ಹತ್ತಿರದ ಪೆಟ್ಟಿಗೆಗೆ ನುಗ್ಗುತ್ತದೆ. ಇದು ಅವಳಿಗೆ ನಿದ್ದೆಯಲ್ಲೂ ಗೊತ್ತು. ನುಗ್ಗಿದರೆ ಪೆಟ್ಟಿಗೆ ಕ್ಷಣ ಕಣ್ಣುಮುಚ್ಚಿ ತೆರೆಯುತ್ತದೆ, ಅದೂ ಗೊತ್ತು. ತೆರೆದ ಮೇಲೆ ಏನು ಮಾಡುತ್ತದೆ? ಇಷ್ಟು ವರ್ಷ ಅದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಪರೀಕ್ಷೆಯ ಮೇಜಿನ ಮೇಲೆ ಬಾಗಿಲಿಲ್ಲ. ಬಾಗಿಲಿನ ಬದಲು ಒಂದು ಹಸಿರು ದೀಪ, ಹತ್ತಿದ್ದರೆ ಬಾಗಿಲು ತೆರೆದಿದೆ ಎಂದರ್ಥ. ಮೇಜಿನ ಮೇಲಿರುವಾಗ ಪೆಟ್ಟಿಗೆಯ ಪಾಲಿಗೆ ಬಸ್ಸು ಸದಾ ನಿಂತೇ ಇರುತ್ತದೆ, ಆದ್ದರಿಂದ ಹಸಿರು ದೀಪ ಮೊದಲಿಂದಲೂ ಹತ್ತಿಯೇ ಇರುತ್ತದೆ. ಏಟು ಬಿತ್ತು, ದೀಪ ಮಿಣುಕಿತು, ಮತ್ತೆ ಹತ್ತಿತು. ಪಾಸು. ನೋಡಿದವರೆಲ್ಲ ಹಸಿರು ಕಂಡು ಖುಷಿಪಟ್ಟಿದ್ದರು, ಎಲ್ಲರಿಗಿಂತ ಮೊದಲು ಅವಳೇ.

ಬಸ್ಸು ಓಡುತ್ತಿದೆ ಎಂದು ಪೆಟ್ಟಿಗೆಗೆ ಸುಳ್ಳು ಹೇಳುವ ಒಂದು ಸಲಕರಣೆಯನ್ನು ಈಗ ಜೋಡಿಸಿದಳು. ಹಸಿರು ಆರಿತು, ಬಾಗಿಲು ಮುಚ್ಚಿದಂತಾಯಿತು. ಫ್ಯಾನು ಹಾಕಿ ಆರಿಸಿದಳು. ಏನೂ ಆಗಲಿಲ್ಲ. ಮತ್ತೆ ಹಾಕಿ ಆರಿಸಿದಳು. ಹೆಬ್ಬೆರಳು ನೋಯುವವರೆಗೆ ಆರಿಸುತ್ತಲೇ ಇದ್ದಳು. ಪಕ್ಕದ ಮೇಜಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಹಸಿರು ದೀಪ ಹತ್ತಿತು, ಯಾರೂ ಬಾಗಿಲ ಸ್ವಿಚ್ ಮುಟ್ಟಿರಲಿಲ್ಲ.

ಎಚ್ಚೆತ್ತ ಕೂಡಲೇ ಪೆಟ್ಟಿಗೆಗೆ ಬಸ್ಸಿನ ವೇಗ ಇನ್ನೂ ತಿಳಿದಿರುವುದಿಲ್ಲ. ತಿಳಿಯುವವರೆಗೆ ಅದನ್ನು ಸೊನ್ನೆ ಎಂದುಕೊ ಎಂದು ಬರೆದವಳು ಇವಳೇ. ಸೊನ್ನೆ ಎಂದರೆ ಬಸ್ಸು ನಿಂತಿದೆ, ನಿಂತಿದ್ದರೆ ಬಾಗಿಲು ತೆರೆದು ಜನರಿಗೆ ದಾರಿ ಬಿಡು. ಜನರನ್ನು ಉಳಿಸಲೆಂದು ಬರೆದ ಸಾಲು ಅದು. ಗೊತ್ತಿಲ್ಲ ಎನ್ನುವುದನ್ನು ಇಲ್ಲ ಎಂದು ಓದುವ ಪೆಟ್ಟಿಗೆಯನ್ನು ತಯಾರಿಸಿ, ಊರಿನ ಬಸ್ಸುಗಳಿಗೆಲ್ಲ ಹಾಕಿಸಿ, ಅಣ್ಣನ ಬೆರಳಿನ ಮೇಲೆ ಅನುಮಾನಪಟ್ಟಿದ್ದಳು. ಅವಳು ಎದ್ದು ಹೊರಗಿನ ಮೆಟ್ಟಿಲಿಗೆ ಹೋಗಿ ನಿಂತಳು. ನಾಚಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಭಯ.

ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ. ಆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟೇ ಕಂಪನಿ ನಡೆಸಿದವರು.

“ಫ್ಯಾನ್ ಹಾಕೋದು ತಪ್ಪು ತಾನೆ? ಹಾಕಿದವರು ಡ್ರೈವರ್ರು. ನಮ್ಮ ಪೆಟ್ಟಿಗೆಯ ತಪ್ಪು ಇದರಲ್ಲಿ ಏನು ಬಂತು?”

“ಬಸ್ಸಿಗೆ ಅಂತ ಮಾಡಿದ ಪೆಟ್ಟಿಗೆ ಸರ್. ಅಲ್ಲಿ ಯಾರು ಏನು ಹಾಕ್ತಾರೋ ಹೇಳಕ್ಕಾಗಲ್ಲ ಅಂತಾನೇ ನೀವು ನನಗೆ ಸಂಬಳ ಕೊಡೋದು. ತಡ್ಕೋಬೇಕಿತ್ತು, ತಡ್ಕೊಳ್ಳಲಿಲ್ಲ.”

“ಮೇಜಿನ ಮೇಲೆ ಆದದ್ದನ್ನ ವಿಚಾರಣೆಯವರು ಒಪ್ಪಲ್ಲ ಮೇಡಂ. ತಂಗಿ ಮಾಡಿದ ಪರೀಕ್ಷೆ ಅಂತಾರೆ.”

“ಹಾಗಾದ್ರೆ ಬಸ್ಸಲ್ಲೇ ತೋರಿಸೋಣ. ನಾನು ಮುಟ್ಟೋದೂ ಇಲ್ಲ.”

ಅವರು ಕನ್ನಡಕ ಮತ್ತೆ ಹಾಕಿಕೊಂಡು, “ಡಿಪೋ ಮ್ಯಾನೇಜರಿಗೆ ಫೋನ್ ಮಾಡ್ತೀನಿ. ಫ್ಯಾನೆಲ್ಲ ಬಿಚ್ಚಿಸಿ ಅಂತಾನೂ ಹೇಳ್ತೀನಿ” ಎಂದರು.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಡಿಪೋದ ಅಂಗಳದಲ್ಲಿ ಅಣ್ಣನ ಬಸ್ಸು ನಿಂತಿತ್ತು. ಎಣ್ಣೆಕಲೆಯ ಕಾಂಕ್ರೀಟಿನ ಮೇಲೆ ಬಿಸಿಲು. ಕಳಚಿದ್ದ ಪೆಟ್ಟಿಗೆಯನ್ನೂ ಫ್ಯಾನನ್ನೂ ಮೊದಲು ಇದ್ದಂತೆಯೇ ಹಾಕಲಾಗಿತ್ತು. ಅಮಾನತಾದ ಅಣ್ಣ ಸ್ಟೀರಿಂಗ್ ಮುಟ್ಟುವಂತಿರಲಿಲ್ಲ, ಟೈರುಗಳ ಗುಡ್ಡೆಯ ಪಕ್ಕ ಕೈಕಟ್ಟಿ ನಿಂತಿದ್ದ. ಡಿಪೋದ ಮೆಕ್ಯಾನಿಕ್ ಡ್ರೈವರ್ ಸೀಟಿನಲ್ಲಿ, ಮ್ಯಾನೇಜರು ಅವನ ಹಿಂದೆ, ಯಜಮಾನರು ಕಿಟಕಿಯ ಪಕ್ಕ. ಅವಳು ಹೇಳಿದಂತೆಯೇ ಬಸ್ಸಿನ ಕೊನೆಯ ಸಾಲಿಗೆ ಹೋಗಿ, ಎಲ್ಲರಿಗೂ ಕಾಣುವಂತೆ ಕೈಗಳನ್ನು ಮುಂದಿನ ಸೀಟಿನ ಕಂಬಿಯ ಮೇಲೆ ಇಟ್ಟುಕೊಂಡಳು.

ಮೆಕ್ಯಾನಿಕ್ ಅಂಗಳ ಸುತ್ತಿದ. ಫ್ಯಾನು ಆರಿಸಿದ. ಬಾಗಿಲು ಮಿಸುಕಲಿಲ್ಲ. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಮ್ಯಾನೇಜರು ಬೆವರು ಒರೆಸಿಕೊಂಡರು. “ಮೇಡಂ, ಗಾಳಿ ಚೆನ್ನಾಗಿದೆ, ಆರಿಸೋಕೆ ಮನಸ್ಸಾಗ್ತಿಲ್ಲ” ಎಂದು ಮೆಕ್ಯಾನಿಕ್ ನಗಾಡಿದ. ಯಜಮಾನರು ಗಡಿಯಾರ ನೋಡಿದರು. ಅವಳಿಗೆ ಎದ್ದು ಓಡಬೇಕು, ಕೂಗಬೇಕು, ಆ ಸ್ವಿಚ್ಚನ್ನು ತಾನೇ ಜಗ್ಗಬೇಕು ಎನಿಸುತ್ತಿತ್ತು. ಆದರೂ ಕಂಬಿ ಬಿಡಲಿಲ್ಲ. ಪ್ರತಿ ಸುತ್ತಿಗೂ ಕಿಟಕಿಯಾಚೆ ಅಣ್ಣ ಒಮ್ಮೆ ಬಂದು ಹೋಗುತ್ತಿದ್ದ. ಅವನು ಬಾಗಿಲನ್ನು ನೋಡುತ್ತಿರಲಿಲ್ಲ, ತನ್ನ ಕಾಲನ್ನು ನೋಡಿಕೊಳ್ಳುತ್ತಿದ್ದ.

“ಸಾಕು ಬಿಡಪ್ಪ” ಎಂದು ಮ್ಯಾನೇಜರು ಅಂದರು. ಸರಿ ಸಾರ್ ಎಂದು ಮೆಕ್ಯಾನಿಕ್ ಫ್ಯಾನು ಆರಿಸಿ, ಗೇರ್ ಇಳಿಸಲು ಕೈ ಹಾಕಿದ. ಬಾಗಿಲು ಸರ್ರನೆ ಮಡಚಿಕೊಂಡು ತೆರೆಯಿತು. ಬಸ್ಸು ಓಡುತ್ತಲೇ ಇತ್ತು. ತೆರೆದ ಬಾಗಿಲಲ್ಲಿ ಕಾಂಕ್ರೀಟು ಹಿಂದಕ್ಕೆ ಹೋಗುವುದನ್ನು ನಾಲ್ವರೂ ನೋಡಿದರು. ಮೆಕ್ಯಾನಿಕ್ ಗಾಬರಿಯಿಂದ ಬ್ರೇಕ್ ತುಳಿದು ಎರಡೂ ಕೈ ಮೇಲೆತ್ತಿದ. “ನಾನು ಮುಟ್ಟಿಲ್ಲ ಸಾರ್” ಎಂದ.

ಅವಳು ಇಳಿದು ಅಣ್ಣನ ಬಳಿ ಓಡಿದಳು.

“ನಾನು ಒತ್ತಿರಲಿಲ್ಲ ಅಲ್ವಾ?” ಎಂದ ಅವನು.

“ಇಲ್ಲ ಅಣ್ಣ.”

“ಒತ್ತಿರಲಿಲ್ಲ.”

“ಇಲ್ಲ. ನನ್ನ ಪೆಟ್ಟಿಗೆ ಅದು. ನನ್ನದೇ ತಪ್ಪು.”

ಅವನ ಮುಖದಲ್ಲಿ ಏನೋ ಸಡಿಲವಾಯಿತು, ಆದರೆ ಹೆಚ್ಚು ಹೊತ್ತಲ್ಲ. ಗೇಟಿನ ಕಡೆ ಒಂದು ಬಸ್ಸು ಹಾರ್ನ್ ಮಾಡುತ್ತ ಹೊರಡುತ್ತಿತ್ತು, ಅದರ ಹಿಂದೆ ಇನ್ನೊಂದು. ಬಿಚ್ಚಲು ಹೇಳಿದ್ದರೂ ಎರಡರಲ್ಲೂ ಡ್ರೈವರಿನ ಮುಖದ ಮುಂದೆ ಫ್ಯಾನು ತಿರುಗುತ್ತಲೇ ಇತ್ತು. ಅಣ್ಣ ತಂಗಿ ಒಟ್ಟಿಗೇ ನೋಡಿದರು. ಅವನು ಅಮಾನತಾದವನೆಂಬುದನ್ನು ಮರೆತು ಓಡಿಹೋಗಿ ಗೇಟಿನ ಕಬ್ಬಿಣದ ಬಾಗಿಲನ್ನು ಎಳೆದು ಮುಚ್ಚಿದ. ಅವಳು ಮೊದಲನೆಯ ಬಸ್ಸು ಹತ್ತಿ, ಡ್ರೈವರಿನ ಸೀಟಿನ ಕೆಳಗೆ ಕೈ ತೂರಿಸಿ ಪೆಟ್ಟಿಗೆಯ ಪ್ಲಗ್ ಕಿತ್ತಳು.

“ಏನ್ ಮೇಡಂ ಇದು? ನಿಮ್ದೇ ಪೆಟ್ಟಿಗೆ ಅಲ್ವಾ?”

“ನಂದೇ. ಬಾಗಿಲು ಕೈಯಲ್ಲೇ ಎಳೆದು ಚಿಲಕ ಹಾಕ್ಕೊಳ್ಳಿ. ನಾನು ಹೇಳೋವರೆಗೂ ಇದನ್ನ ಸಿಕ್ಕಿಸಬೇಡಿ.”

ಮ್ಯಾನೇಜರು ಅಷ್ಟರಲ್ಲಿ ಫೋನು ಹಿಡಿದು, ರಸ್ತೆಯಲ್ಲಿರುವ ಬಸ್ಸುಗಳನ್ನೆಲ್ಲ ಇದ್ದಲ್ಲೇ ನಿಲ್ಲಿಸಲು ಹೇಳುತ್ತಿದ್ದರು. ಯಜಮಾನರು ಯಾರನ್ನೂ ತಡೆಯಲಿಲ್ಲ. ಅವಳು ಒಂದೊಂದೇ ಬಸ್ಸು ಹತ್ತಿ ಇಳಿದಳು. ಅಣ್ಣನೂ ಇನ್ನೊಂದು ಸಾಲಿನಿಂದ ಹತ್ತಿ ಇಳಿಯುತ್ತ ಬಂದ. ಅಂಗಳದ ಕೊನೆಯ ಬಸ್ಸಿನ ಬಳಿ ಇಬ್ಬರೂ ಎದುರಾದರು. ಅವಳ ಕೈತುಂಬ ಕೀಲೆಣ್ಣೆ.

“ನಾಳೆ ವಿಚಾರಣೆಯಲ್ಲಿ ನಾನೇ ಹೇಳ್ತೀನಿ ಅಣ್ಣ. ಎಲ್ಲ ಹೇಳ್ತೀನಿ. ನೀನು ನಿಶ್ಚಿಂತೆಯಿಂದಿರು.”

ಅವನು ಬಸ್ಸಿನ ಮೆಟ್ಟಿಲ ಮೇಲೆ ಕೂತ. “ಆಯಮ್ಮನಿಗೆ ಯಾರು ಹೇಳೋದು?”

“ಯಾರಿಗೆ?”

“ಆಸ್ಪತ್ರೆಲಿದಾಳಲ್ಲ, ಅವಳಿಗೆ. ಮಂಗಳವಾರ ಹೋಗಿದ್ದೆ. ನಾನೇ ಒತ್ತಿದ್ದು ತಾಯೀ, ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಕಾಲು ಮುಟ್ಟಿ ಬಂದೆ.”

“ಒತ್ತಿಲ್ಲ ಅಂತ ನಿನಗೆ ಗೊತ್ತಿತ್ತು. ಯಾಕೆ ಹಾಗೆ ಹೇಳಿದೆ?”

“ನೀನೇ ಹೇಳಿದ್ದೆಯಲ್ಲ, ಪೆಟ್ಟಿಗೆ ಸರಿಯಾಗಿದೆ ಅಂತ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದಳು. “ನೀನು ಹೇಳಿದ್ ಮೇಲೆ ಇನ್ನೇನಿದೆ ಅಂದ್ಕೊಂಡೆ.”

ಅವಳು ಬಿಕ್ಕಿ ಬಿಕ್ಕಿ ಅತ್ತಳು, ಡಿಪೋದವರೆಲ್ಲ ನೋಡುತ್ತಿದ್ದರೂ ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಕೀಲೆಣ್ಣೆಯನ್ನು ಕೆನ್ನೆಗೂ ಬಳಿದುಕೊಂಡು, “ಆಸ್ಪತ್ರೆ ಕಡೆಗೆ ಯಾವ ಬಸ್ ಹೋಗುತ್ತೆ?” ಎಂದಳು.

“ಯಾವುದೂ ಇಲ್ಲ. ಎಲ್ಲಾನೂ ನೀನೇ ನಿಲ್ಲಿಸಿದ್ದೀಯ” ಎಂದು ಅಣ್ಣ ಎದ್ದ. “ನಡಿ, ನಡ್ಕೊಂಡೇ ಹೋಗೋಣ.”

ಗೇಟು ದಾಟುವಾಗ ಅವನು ಅವಳ ಮೊಣಕೈ ಹಿಡಿದುಕೊಂಡ. ಮುದುಕಿಗೆ ಮೊದಲ ಮಾತು ಏನು ಹೇಳಬೇಕು ಎಂದು ಅವಳು ದಾರಿಯುದ್ದಕ್ಕೂ ಹುಡುಕಿದಳು, ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೂ ಅದು ಸಿಕ್ಕಿರಲಿಲ್ಲ.